ಒಂದೂವರೆ ಸೆಕೆಂಡಿನ ಕೂಗು

೧೯೮೮ರಲ್ಲಿ ನಾನು ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ಸಂಜೆ ಶಾಮೀದಸಾಬರ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಅವರ ಅಳಿಯ ಅದನ್ನು ದುಬೈಯಿಂದ ತಂದಿದ್ದ. ಅದರ ಸಣ್ಣ ಮೈಕಿನಲ್ಲಿ ಒಂದೂವರೆ ಸೆಕೆಂಡು ಏನಾದರೂ ಕೂಗಿದರೆ, ಆಮೇಲೆ ಯಾವ ಕೀ ಒತ್ತಿದರೂ ಆ ಕೂಗೇ ಬೇರೆ ಬೇರೆ ಸ್ವರದಲ್ಲಿ ಬರುತ್ತಿತ್ತು.

ದೇವದುರ್ಗದಲ್ಲಿ ಕಾರ್ಯಕ್ರಮವಿತ್ತು. ಶಾಮೀದಸಾಬರಿಗೆ ಏನಾದರೂ ಹೊಸದು ಬೇಕಿತ್ತು.

"ನಾಟಿ ಹಚ್ಚೋ ಹೆಂಗಸ್ರು ಕೂಗ್ತಾರಲ್ಲ, ಅದು ಹಾಡಿನ ನಡುವ ಬರಬೇಕು. ಕೂಡಿಸಿದ್ರ ನೀನ ಕಾಯಂ. ಇಲ್ಲಾಂದ್ರ ಕನಕರಾಯ ಅದಾನ."

ಕನಕರಾಯ ಹಾರ್ಮೋನಿಯಂ ನುಡಿಸುವವನು. ನನ್ನ ಜಾಗದ ಮೇಲೆ ಅವನ ಕಣ್ಣಿತ್ತು.

ನಮ್ಮವ್ವ ಗೋಪಮ್ಮ ಪೋತ್ನಾಳದಲ್ಲಿ ನಾಟಿ ಗುಂಪಿನ ಮುಂದಾಳು. ಆಕೆ "ಬಾರೇ" ಎಂದು ಕೂಗಿದರೆ ಹನ್ನೆರಡು ಹೆಂಗಸರು ಒಟ್ಟಿಗೆ ಸಸಿ ಊರುತ್ತಿದ್ದರು. ಆಕೆಯನ್ನೇ ಮಹಡಿಯ ಮೇಲಿನ ನಮ್ಮ ತಾಲೀಮಿನ ಕೋಣೆಗೆ ಕರೆಸಿದೆ. ಗದ್ದೆಯಿಂದ ನೇರ ಬಸ್ಸು ಹತ್ತಿ ಬಂದಿದ್ದಳು. ಸೀರೆಯ ಅಂಚಿನಲ್ಲಿ ಕೆಸರು ಒಣಗಿತ್ತು.

"ಯಾರ್ಲೇ ಈಕಿ?" ಕನಕರಾಯ ಕೇಳಿದ.

"ನಮ್ಮೂರಾಕಿ. ಕೂಲಿಯಾಕಿ," ಎಂದೆ.

ಅವ್ವ ಕೇಳಿಸಿಕೊಂಡಳು.

ಹಾಡಿನ ಶ್ರುತಿ ಎತ್ತರದ್ದು, ಅಲ್ಲಿಗೆ ಆಕೆಯ ಗಂಟಲು ಏರುತ್ತಿರಲಿಲ್ಲ. ಆಕೆಗೆ ಒಗ್ಗುವ ಸ್ವರದಲ್ಲಿ ಕೂಗಿಸಿಕೊಂಡು ಮೇಲಿನ ಕೀ ಒತ್ತಿದೆ. ಕೂಗು ಎತ್ತರವಾಯಿತು, ಜೊತೆಗೆ ಮೊಟಕೂ ಆಯಿತು. ತಬಲಾದ ಪೆಟ್ಟು ಬೀಳುವ ಮೊದಲೇ ಮುಗಿಯುತ್ತಿತ್ತು. ಎತ್ತರ ಬೇಕು, ಉದ್ದ ಕಡಿಮೆಯಾಗಬಾರದು. ಆ ಯಂತ್ರಕ್ಕೆ ಅದು ಬರುತ್ತಿರಲಿಲ್ಲ. ಒಂದು ಸೆಕೆಂಡಿನ ಕೂಗನ್ನು ಅವ್ವ ಒಂದೂವರೆ ಸೆಕೆಂಡಿಗೆ ಎಳೆದರೆ, ಮೇಲಿನ ಕೀಯಲ್ಲಿ ಅದು ಸರಿಯಾದ ಅಳತೆಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ.

"ಇನ್ನಾ ನಿಧಾನ," ಎಂದೆ.

"ನಿಂತು ಕೂಗಿದ್ರ ಬರಂಗಿಲ್ಲ. ಕೈ ಆಡಬೇಕು," ಎಂದಳು ಅವ್ವ.

ಸೀರೆ ಮೇಲಕ್ಕೆ ಸಿಕ್ಕಿಸಿ, ಸಿಮೆಂಟು ನೆಲದ ಮೇಲೆ ಬಗ್ಗಿ, ಇಲ್ಲದ ಸಸಿಗಳನ್ನು ಊರುತ್ತ ಹಿಂದಕ್ಕೆ ಸರಿದಳು. ಕೈ ನಿಧಾನವಾದಂತೆ ಕೂಗು ಉದ್ದವಾಯಿತು.

"ಲೇ ಹಂಪಯ್ಯ, ಕಾಲುವಿ ನೀರು ಬಿಡಸಲೇ, ಸಸಿ ಒಣಗಾಕತ್ತಾವ!" ಎಂದು ಕನಕರಾಯ ನನ್ನನ್ನು ಕೂಗಿದ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಪ್ಪತ್ತೈದು ಸಲ ಕೂಗಿಸಿದ ಮೇಲೆ ಅಳತೆ ಕೂಡಿತು. ಅವ್ವ ಸೊಂಟ ಹಿಡಿದು ಎದ್ದು ನನ್ನನ್ನೇ ನೋಡಿದಳು.

"ಆತೇನ್ರಿ ಸಾಹೇಬ್ರ? ನಾ ಹೋಗ್ಲೇನ್ರಿ?"

ಬಸ್ ನಿಲ್ದಾಣದವರೆಗೆ ಆಕೆಯ ಹಿಂದೆ ಹೋದೆ. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ.

"ಯವ್ವಾ," ಎಂದೆ.

"ಮಾನ್ವಿ ಬಸ್ ಬಂತ್ರಿ," ಎಂದು ಹತ್ತಿದಳು.

ಎರಡು ದಿನದ ನಂತರ ತಾಲೀಮಿನ ನಡುವೆ ಕರೆಂಟು ಹೋಯಿತು. ಕೀಬೋರ್ಡಿಗೆ ಬ್ಯಾಟರಿ ಹಾಕಿರಲಿಲ್ಲ. ಕರೆಂಟು ಬಂದ ಮೇಲೆ ಒತ್ತಿದರೆ ಒಳಗಿನ ಕೂಗು ಅಳಿಸಿಹೋಗಿತ್ತು.

"ಆ ಕೂಲಿಯಾಕಿನ ಮತ್ತ ಕರಸು," ಎಂದರು ಶಾಮೀದಸಾಬರು.

"ಆಗೂದಿಲ್ರಿ."

"ಯಾಕ?"

"ಆಕಿ ನಮ್ಮವ್ವ ಅದಾಳ್ರಿ."

ಕನಕರಾಯ ತಲೆ ತಗ್ಗಿಸಿದ. ಶಾಮೀದಸಾಬರು ನನ್ನ ಕಡೆ ತಿರುಗಿದರು.

"ತೋಬಾ! ಮೊದ್ಲ ಹೇಳಿದ್ರ ಕುರ್ಚಿ ಕೊಡ್ತಿದ್ವಲ್ಲೋ. ಚಾ ತರಸ್ತಿದ್ದೆ."

ದೇವದುರ್ಗಕ್ಕೆ ನನ್ನ ಬದಲು ಕನಕರಾಯ ಹೋದ. ಅದಕ್ಕೆ ನನಗೆ ಬೇಸರವಾಗಲಿಲ್ಲ. ಶಾಮೀದಸಾಬರು ಹೇಳಿದ ಕುರ್ಚಿ ಅವ್ವ ಬಂದ ದಿನವೂ ಕೋಣೆಯಲ್ಲಿ ಇತ್ತು. ಅದರ ಮೇಲೆ ಕೀಬೋರ್ಡಿನ ಖಾಲಿ ಡಬ್ಬಿ ಇಟ್ಟವನು ನಾನೇ. ಮೆಟ್ಟಿಲ ಮೇಲೆ ಅವ್ವನ ಹೆಜ್ಜೆ ಸಪ್ಪಳ ಕೇಳಿದ ಮೇಲೆ ಇಟ್ಟಿದ್ದೆ.