ಕೊಬ್ಬರಿ ಚೀಲದ ಅಕ್ಷರ

ಅಂದು ಬೆಳಿಗ್ಗೆ ತಿಪಟೂರಿನ ಮೇಲೆ ಮಂಜು ಇಳಿದಿತ್ತು. ಕೊಬ್ಬರಿ ಮಂಡಿಯ ತಗಡಿನ ಮಾಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಆ ಮಾಡಿನ ಕೆಳಗೇ ಮಲಗಿ ಎದ್ದಿದ್ದ ಚಿಕ್ಕಗೌರಿಯ ಕೈಹಿಡಿದು, ಮಂಡಿಯೆದುರು ಅಂಗಡಿ ಇಟ್ಟಿದ್ದ ಮುದುಕಿ ಗುರುಸಿದ್ದಮ್ಮ ಎರಡನೆಯ ಸಲ ಶಾಲೆಗೆ ಹೊರಟಳು.

ಗೌರಿಯ ತಾಯಿ ಬೋರಮ್ಮನಿಗೆ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೂಲಿ. ಮನೆ ಎಂಬುದಿರಲಿಲ್ಲ. ಹುಡುಗಿ ಅಕ್ಷರ ಕಲಿತದ್ದು ಚೀಲ ನೋಡಿಕೊಂಡು. ವ್ಯಾಪಾರಿಯ ಹೆಸರು ಕೊರೆದ ತಗಡನ್ನು ಚೀಲದ ಮೇಲಿಟ್ಟು ಮಸಿ ಬಳಿಯುತ್ತಾರೆ. ಅಕ್ಷರದ ಹೊಟ್ಟೆಯೊಳಗಿನ ತಗಡು ಕಳಚಿ ಬೀಳದಿರಲೆಂದು ನಡುನಡುವೆ ಕೊರೆಯದೆ ಪಟ್ಟಿ ಬಿಟ್ಟಿರುತ್ತಾರೆ. ಮಸಿ ಹತ್ತದ ಆ ಸಂದುಗಳೂ ಅಕ್ಷರದ ಪಾಲೇ ಎಂದು ಗೌರಿ ನಂಬಿದ್ದಳು. ಅವಳು ಬರೆದ ‘ರ’ ತುಂಡು ತುಂಡಾಗಿರುತ್ತಿತ್ತು.

ಮೊದಲ ಸಲ ಹೆಡ್ಮೇಷ್ಟ್ರು ಹನುಮಂತಯ್ಯ ನಕ್ಕಿದ್ದರು. “ಇದೇನಮ್ಮ, ಇಲಿ ಕಡ್ದಂಗದೆ! ಬೀದೀಲಿ ಬೆಳ್ದೋವ್ಕೆ ಕೈ ತಿರುಗಲ್ಲ ಬುಡಿ. ನೆಟ್ಟಗೆ ಬರೆಯೋಗಂಟ ಸೇರಿಸ್ಕೊಳಲ್ಲ.”

“ತಿರುಗ್ತದೆ ಕಣ್ರೀ ಮೇಷ್ಟ್ರೇ,” ಎಂದಿದ್ದಳು ಗುರುಸಿದ್ದಮ್ಮ.

ಅಂದಿನಿಂದ ಅವಳು ದಿನಾ ಮುಂಜಾನೆಯ ಲಿಂಗಪೂಜೆ ಮುಗಿಸಿ, ಮೊರದಲ್ಲಿ ತೆಂಗಿನ ನಾರಿನ ಪುಡಿ ಹರವಿ, ಹುಡುಗಿಯ ಬೆರಳು ಹಿಡಿದು ತಿದ್ದಿಸಿದಳು. ಮಾಡಿನ ಕೆಳಗಿನ ಉಳಿದ ಮಕ್ಕಳೂ ಸುತ್ತ ಕುಕ್ಕರಿಸಿದವು.

“ಬೆರಳು ಎತ್ತಬ್ಯಾಡ ಕಣೇ. ದೀಪಕ್ಕೆ ಎಣ್ಣೆ ಬಿಟ್ಟಂಗೆ, ಧಾರೆ ಕಡೀಬಾರ್ದು.”

“ಚೀಲದ ಮ್ಯಾಲೆ ಕಡ್ದೈತಲ್ಲ ಅಜ್ಜಿ?”

“ಅದು ತಗಡು ಬರ್ದಿದ್ದು. ನಿಂಗೆ ಶಿವ ಕೈ ಕೊಟ್ಟವ್ನೆ.”

ವ್ಯಾಪಾರಿ ಕಾಡಸಿದ್ದಪ್ಪ ಹಾದುಹೋಗುತ್ತ ಅಣಕಿಸಿದ. “ಏನಮ್ಮೋ, ಕೊಬ್ಬರಿ ಆರಿಸೋಳ ಮಗಳ್ನ ಅಮಲ್ದಾರ್ರು ಮಾಡ್ತೀಯಾ?”

“ಮಾಡ್ತೀನಿ. ಆವಾಗ ನೀನೇ ಕೈಮುಗ್ಕೊಂಡು ನಿಂತ್ಕಾಬೇಕು, ಹೋಗಪ್ಪ.”

ಈಗ ಹನುಮಂತಯ್ಯ ಶಾಲೆಯ ಬಾಗಿಲಿಗೆ ಅಡ್ಡ ನಿಂತಿದ್ದರು. “ಮತ್ತೆ ಬಂದ್ರಾ? ತಗಾ, ಸೀಮೆಸುಣ್ಣ ಸಾಲ ಕೊಡ್ತಿದೀನಿ. ಇಲ್ಲೇ ನೆಲದ ಮೇಲೆ ಬರಿ, ನೋಡಾನ.”

ಗೌರಿ ಜಗಲಿಯ ಕಲ್ಲಿನ ಮೇಲೆ ಮಂಡಿಯೂರಿದಳು. ತನ್ನ ಹೆಸರು ಬರೆದಳು, ಅವ್ವನ ಹೆಸರು ಬರೆದಳು. ಒಂದಕ್ಷರದಲ್ಲೂ ಸಂದಿರಲಿಲ್ಲ. ಅಷ್ಟಕ್ಕೆ ನಿಲ್ಲಲಿಲ್ಲ, ಮಾಡಿನ ಕೆಳಗೆ ಮಲಗುವ ಮಕ್ಕಳ ಹೆಸರುಗಳೆಲ್ಲ ಒಂದರ ಹಿಂದೊಂದು ಬಾಗಿಲ ಕಡೆಗೇ ಸಾಗಿದವು. ಸಾಲು ಹೊಸ್ತಿಲ ಕಲ್ಲನ್ನೂ ಹತ್ತಿತು. ಮೇಷ್ಟ್ರು ಕಾಲು ಹಿಂದೆ ತೆಗೆಯಬೇಕಾಯಿತು.

“ಸಾಕು ಸಾಕು! ಒಳಕ್ಕೇ ಬಂದ್ಬುಟ್ಟೆಯಲ್ಲೇ!”

“ತಾಳಿ ಸಾ, ತಿಪ್ಪಯ್ಯ ಇನ್ನೂ ಬಾಕಿ ಅವ್ನೆ.”

ಒಳಗಿದ್ದ ಮಕ್ಕಳು ಗೊಳ್ಳೆಂದರು. ಗುರುಸಿದ್ದಮ್ಮ ನಗಲಿಲ್ಲ; ಕಂಬದಂತೆ ನಿಂತು ಮೇಷ್ಟ್ರನ್ನೇ ನೋಡಿದಳು. ಅವರು ಬಾಗಿಲ ಪಕ್ಕಕ್ಕೆ ಸರಿದರು.

“ಮುಂದಿನ ಸಾಲಲ್ಲಿ ಕೂತ್ಕೊಳ್ಳಮ್ಮ,” ಎಂದರು ಮೆಲ್ಲಗೆ. “ನಾಳೆ ಮಿಕ್ಕೋರ್ನೂ ಕರ್ಕೊಂಡ್ ಬಾ.”

ತಿಪ್ಪಯ್ಯನ ಹೆಸರು ಮುಗಿಸಿ ಗೌರಿ ಎದ್ದಳು. ಉಳಿದಿದ್ದ ಸೀಮೆಸುಣ್ಣದ ಚೂರನ್ನು ಲಂಗಕ್ಕೆ ಒರೆಸಿ, ಮೇಷ್ಟ್ರ ಅಂಗೈಯಲ್ಲಿಟ್ಟಳು.