ರಟ್ಟನ ಬಾಯಾರಿಕೆ

ನೀರು ಕುಡಿಯುವುದು ತಪ್ಪು ಎಂದು ಈ ವಯಸ್ಸಿನವರೆಗೆ ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಕೊನೆಗೆ ಕೇಳಿದ್ದು ನನ್ನ ಮನೆಯಲ್ಲೇ, ನನ್ನ ಮಗನ ಬಾಯಲ್ಲೇ. ತಪ್ಪು ಮಾಡಿದವನು ರಟ್ಟ.

ರಟ್ಟ ನಮ್ಮ ನಾಯಿ. ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಫೋಟೋದ ಬೆನ್ನಿಗೆ ಕೂರಿಸುವ ರಟ್ಟಿನ ಖಾಲಿ ಪೆಟ್ಟಿಗೆಯಲ್ಲಿ ಸಿಕ್ಕಿದ ಮರಿ ಅದು. ಬಣ್ಣವೂ ರಟ್ಟಿನದೇ, ಅದಕ್ಕೇ ಆ ಹೆಸರು. ಅಂಗಡಿ ತೆರೆದವನು ನಾನು. ಈಗ ಕೈ ನಡುಗುತ್ತದೆ, ಗಾಜು ಕೊಯ್ಯುವುದು ಮೊಳೆ ಹೊಡೆಯುವುದು ಎಲ್ಲ ಮಗನದು. ನಾನು ಗಾಜು ಒರೆಸುತ್ತೇನೆ, ಚೌಕಟ್ಟಿನ ಹಿಂದೆ ಕಾಗದ ಅಂಟಿಸುತ್ತೇನೆ, ಸುಮ್ಮನೆ ಕೂರುತ್ತೇನೆ.

ಆ ವರ್ಷ ರಟ್ಟನಿಗೆ ಬಾಯಾರಿಕೆ ಹಿಡಿಯಿತು. ಮೊದಲು ತನ್ನ ಬೋಗುಣಿ ಖಾಲಿ ಮಾಡಿದ. ಆಮೇಲೆ ನಾನು ಬಟ್ಟೆ ಅದ್ದುವ ಬಕೆಟ್ಟಿಗೆ ಬಾಯಿ ಹಾಕಿದ, ಹೂಕುಂಡದ ತಟ್ಟೆಯ ನೀರು ನೆಕ್ಕಿದ, ಹಗ್ಗದ ಮೇಲೆ ಒಣಹಾಕಿದ ಸೀರೆಯ ತುದಿ ಚೀಪುತ್ತಾ ನಿಂತ. ಒಳಗೆ ಹೋದದ್ದು ಹೊರಗೆ ಬರಲೇಬೇಕಲ್ಲ! ಬಾಗಿಲು ತೆರೆಯುವಷ್ಟು ಹೊತ್ತೂ ತಡೆಯಲಾರ. ರಟ್ಟಿನ ಅಟ್ಟಿ ಒದ್ದೆಯಾಯಿತು. ಒಂದು ದಿನ ಗೋಡೆಗೆ ಒರಗಿಸಿಟ್ಟ ಯಾರದೋ ಮದುವೆ ಫೋಟೋದ ಮೇಲೂ ಆಯಿತು, ಅದೂ ಸರಿಯಾಗಿ ಮದುಮಗನ ಕಾಲ ಬಳಿ.

ಪಶುವೈದ್ಯರು ರಕ್ತ ತೆಗೆದು ನೋಡಿದರು. ಸಕ್ಕರೆ ಕಾಯಿಲೆ ಇಲ್ಲ, ಮೂತ್ರಪಿಂಡ ಚೆನ್ನಾಗಿದೆ ಎಂದರು. "ಬೇರೆ ಏನಾದ್ರೂ ಔಷಧಿ ಕೊಡ್ತಿದ್ದೀರಾ?" ಎಂದು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ," ಎಂದ ಮಗ.

"ಹಾಗಾದ್ರೆ ನಡವಳಿಕೆಯ ತೊಂದರೆಯೂ ಇರಬಹುದು. ನೋಡೋಣ," ಎಂದರು ಅವರು. ನನ್ನ ಮಗ ಆ 'ಇರಬಹುದು', 'ನೋಡೋಣ' ಎರಡನ್ನೂ ದಾರಿಯಲ್ಲೇ ಬೀಳಿಸಿ ಬಂದ. ಮನೆಗೆ ತಲುಪುವಾಗ ಉಳಿದದ್ದು ಇಷ್ಟೇ: "ಕಾಯಿಲೆ ಗೀಯಿಲೆ ಏನಿಲ್ಲ. ಬರೀ ಹಠ."

ಹಠ! ಈ ಮಾತು ನಮ್ಮ ಮನೆಗೆ ಹೊಸದಲ್ಲ. ಅದೇ ಮಾತನ್ನು ಮಗ ಸೊಸೆ ಇಬ್ಬರೂ ನನ್ನ ಹೆಂಡತಿಗೂ ಅನ್ನುತ್ತಿದ್ದರು. ಅವಳಿಗೆ ಕೀಲುನೋವು, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು. ಅದಕ್ಕೆ ಡಾಕ್ಟರು ಊತ ಇಳಿಸುವ ಮಾತ್ರೆ ಬರೆದಿದ್ದರು. ನೋವೇನೋ ಇಳಿಯಿತು, ಆದರೆ ಮುಖ ಊದಿತು. ಕೆನ್ನೆ ಎರಡೂ ಉಬ್ಬಿ ಕಣ್ಣು ಒಳಗೆ ಹೋಯಿತು. ಸಾಲದ್ದಕ್ಕೆ ಅದೇ ಹೊತ್ತಿನಲ್ಲಿ ಮಗ ಅವಳ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಚಿನ್ನದ ಬಣ್ಣದ ಅಗಲ ಕಟ್ಟು ಹಾಕಿ, ಗಿರಾಕಿಗಳಿಗೆ ನಮೂನೆ ತೋರಿಸಲೆಂದು ಅಂಗಡಿಯ ಎದುರು ಗೋಡೆಗೆ ನೇತುಹಾಕಿದ. ಬಂದವರೆಲ್ಲ ಕಟ್ಟು ನೋಡುವ ಮೊದಲು ಕೆನ್ನೆ ನೋಡುತ್ತಿದ್ದರು. "ಯಾರ್ರೀ ಇವ್ರು? ಒಳ್ಳೆ ಊಟ ತಿಂಡಿ ಕಂಡಿರೋ ಮುಖ!" ಪರದೆಯ ಹಿಂದೆ ಅವಳಿಗೆ ಎಲ್ಲ ಕೇಳುತ್ತಿತ್ತು.

"ಅದನ್ನ ಇಳಿಸೋ," ಎಂದಳು.

"ಇರ್ಲಿ ಬಿಡಮ್ಮಾ, ಹಠ ಮಾಡ್ಬೇಡ. ಕಟ್ಟು ಎಷ್ಟ್ ಚೆನ್ನಾಗ್ ಕಾಣ್ತಿದೆ!"

ಮಾತ್ರೆ ಬೇಡ ಎಂದಳು. ಅದೂ ಹಠವಾಯಿತು. ಒಂದು ಸಲ ಕಸದ ಬುಟ್ಟಿಯಲ್ಲಿ ಮಾತ್ರೆ ಸಿಕ್ಕಿತೆಂದು ಸೊಸೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಯವರಿಗೆಲ್ಲ ತೋರಿಸಿದಳು. ಆಮೇಲೆ ತಾನೇ ಎದುರು ಕೂತು ನುಂಗಿಸತೊಡಗಿದಳು. ಕಹಿ ಎಂದು ನನ್ನವಳು ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಮಾತ್ರೆ ಇಟ್ಟುಕೊಂಡು ತಿನ್ನುವ ಅಭ್ಯಾಸ ಮಾಡಿಕೊಂಡಳು. ಮುಖದ ಊತ ಇಳಿಯಿತು. ಆದರೆ ನೋವು ಮತ್ತೆ ಏರಿತು. ಡಾಕ್ಟರು ಮಾತ್ರೆ ಇನ್ನೂ ಹೆಚ್ಚಿಸಿದರು.

ರಟ್ಟನ ಹಠ ಬಿಡಿಸಲು ಟ್ರೈನರ್ ಒಬ್ಬ ಬಂದ. ಮೈತುಂಬ ಜೇಬುಗಳ ಅಂಗಿ, ಕೊರಳಲ್ಲಿ ಸೀಟಿ. ರಟ್ಟ ಅವನ ಬೂಟು ಮೂಸಿ, ಬಕೆಟ್ಟಿನ ಕಡೆ ಹೋದ.

"ನೋಡಿದ್ರಾ? ನೀವೆಲ್ಲ ನೋಡ್ಲಿ ಅಂತಾನೇ ಕುಡಿಯೋದು. ಬೋಗುಣಿ ಎತ್ತಿಡಿ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ತಾನಾಗೇ ದಾರಿಗೆ ಬರುತ್ತೆ," ಎಂದ.

ಸೆಕೆಗಾಲ ಅದು. ನಾಲಿಗೆ ನೆಲಕ್ಕೆ ತಾಗುವ ಹಾಗೆ ನೇತಾಡಿಸಿಕೊಂಡು ರಟ್ಟ ಖಾಲಿ ಬೋಗುಣಿಯನ್ನು ಮೂಗಿನಿಂದ ತಳ್ಳಿಕೊಂಡು ನನ್ನ ಹತ್ತಿರ ತರುತ್ತಿದ್ದ. ನನ್ನ ಮೈ ಉರಿಯುತ್ತಿತ್ತು. ಕುಡಿಯುವ ನೀರಿಗೆ ಅಳತೆ ಹಾಕಲು ಇವನು ಯಾರು? ಬೀದಿಯ ನಲ್ಲಿಯ ಹತ್ತಿರ ಕಾಗೆಗೂ ಯಾರೂ ಲೋಟ ಹಿಡಿದು ಅಳೆದು ಕೊಡುವುದಿಲ್ಲ. ನಾನು ಬೋಗುಣಿ ತುಂಬಿಸಿಕೊಟ್ಟೆ. ಸೊಸೆ ನೋಡಿದಳು.

"ಮಾವ, ನೀವೇ ಅದನ್ನ ಹಾಳು ಮಾಡ್ತಿರೋದು."

"ಬಾಯಾರಿದ್ದಕ್ಕೆ ನೀರು ಕೊಟ್ಟೆ ಕಣಮ್ಮಾ."

"ಅಪ್ಪಾ, ದುಡ್ಡು ಕೊಟ್ಟು ಕರೆಸಿರೋರು ಹೇಳಿದ್ದು ಕೇಳ್ಬೇಕೋ, ನಿನ್ನ ಮಾತು ಕೇಳ್ಬೇಕೋ?" ಎಂದ ಮಗ, ಗಾಜಿನ ಮೇಲಿನ ಗೆರೆಯಿಂದ ಕಣ್ಣೆತ್ತದೆ. ಆ ಗೆರೆ ಎಳೆಯುವುದನ್ನು ಅವನಿಗೆ ಕೈ ಹಿಡಿದು ಕಲಿಸಿದವನು ನಾನು.

ಲೋಟದ ಲೆಕ್ಕ ನಡೆಯಲಿಲ್ಲ. ರಟ್ಟ ಬಚ್ಚಲಿನ ನೆಲ ನೆಕ್ಕಿದ, ನೆಲ ಒರೆಸುವ ಬಟ್ಟೆ ಹೀರಿದ. ಕೊನೆಗೆ ಟ್ರೈನರ್ ವ್ಯಾನ್ ತಂದ. ಒಳಗೆ ಕಬ್ಬಿಣದ ಪಂಜರವಿತ್ತು. ಇಲ್ಲಿದ್ದರೆ ಸರಿಹೋಗುವುದಿಲ್ಲ, ತನ್ನ ಜಾಗಕ್ಕೆ ಒಯ್ದು ಮುದ್ದು ಬಿಡಿಸುತ್ತೇನೆ ಎಂದ. ಆಗಲೂ ಬಗ್ಗದಿದ್ದರೆ ಯಾವುದಾದರೂ ಗೋದಾಮಿನ ಕಾವಲಿಗೆ ಕೊಟ್ಟುಬಿಡೋಣ ಎಂದು ಮಗ ಮೊದಲೇ ಒಪ್ಪಿಕೊಂಡಿದ್ದ.

ಬೆಳಗಿನ ತಿಂಡಿಯ ಹೊತ್ತು. ಪರದೆ ಸರಿಸಿ ಒಳಗೇ ಬಂದ ಆತ ರಟ್ಟನ ಕೊರಳಿಗೆ ಹಗ್ಗ ಹಾಕುತ್ತಾ ನಮಗೆ ಪಾಠ ಹೇಳಿದ.

"ಇದು ಬರೀ ನೀರಿನ ವಿಷಯ ಅಲ್ಲ, ಎಲ್ಲದರಲ್ಲೂ ಆಸೆಬುರುಕತನ. ಎಷ್ಟ್ ಹಾಕಿದ್ರೂ ಹಸಿವು ಅನ್ನುತ್ತೆ, ಹೊಟ್ಟೆ ನೋಡಿ ಹೇಗೆ ಜೋತುಬಿದ್ದಿದೆ. ನಿದ್ದೆ ಇಲ್ಲ, ಸುಮ್ನೆ ಏದುಸಿರು. ಹಠ ತಲೆಗೇರಿದ್ರೆ ಹೀಗೇ."

ನನ್ನ ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಕೈ ನಿಂತಿತು.

"ಏನಂದ್ರಿ? ಬಾಯಾರಿಕೆ, ಹಸಿವು, ನಿದ್ದೆ ಇಲ್ಲ... ಹೊಟ್ಟೇನೂ ಊದಿದ್ಯಾ?"

"ಹೌದಮ್ಮಾ."

"ಅದು ನನ್ನ ಮೈಯ ಕಥೆ!" ಅವಳು ಎದ್ದಳು. ಸೊಂಟ ಹಿಡಿದುಕೊಂಡೇ ಎದ್ದಳು. "ಆ ಮಾತ್ರೆ ತಿನ್ನುವಾಗ ನಾನು ಹೂಜಿಗಟ್ಟಲೆ ನೀರು ಕುಡೀತಿದ್ದೆ. ರಾತ್ರಿಯೆಲ್ಲ ಬಚ್ಚಲಿಗೆ ಓಡ್ತಿದ್ದೆ. ಹಗ್ಗ ಬಿಡ್ರೀ! ಅದು ಹಠ ಅಲ್ಲ, ನನ್ನ ಮಾತ್ರೆ. ಇಷ್ಟು ದಿನಾನೂ ಅದನ್ನ ನುಂಗಿದ್ದು ರಟ್ಟ."

ಸೊಸೆಯ ಬಾಯಿ ತೆರೆದೇ ಇತ್ತು. "ಅತ್ತೆ! ನನ್ನ ಎದುರಿಗೇ ತಿಂತಿದ್ರಲ್ಲ?"

"ನೀನು ನನ್ನ ಬಾಯಿ ಕಾಯ್ತಿದ್ದೆ ತಾಯಿ. ಮೇಜಿನ ಕೆಳಗೆ ಕಾಯ್ತಿರಲಿಲ್ಲ. ಬುಟ್ಟಿಗೆ ಹಾಕಿದ್ರೆ ಎತ್ತಿ ಮೆರೆಸ್ತಿದ್ದೆ. ಮುಖ ಊದತ್ತೆ, ಬೇಡ ಅಂತ ಎಷ್ಟು ಸಲ ಹೇಳಿದೆ? ಒಬ್ರಾದ್ರೂ ಕೇಳಿದ್ರಾ?" ಹಾಗೆಂದವಳೇ ನೆಲದ ಮೇಲೆ ಕೂತು ರಟ್ಟನ ಊದಿದ ಹೊಟ್ಟೆಯ ಮೇಲೆ ಕೈಯಿಟ್ಟಳು. "ದೊಡ್ಡ ಪ್ರಾಣಿ, ಅರಗಿಸಿಕೊಳ್ಳತ್ತೆ ಅಂದ್ಕೊಂಡೆನಪ್ಪಾ. ನನಗಾದದ್ದೇ ನಿನಗೂ ಆಯ್ತಲ್ಲೋ."

ಮಗ ಪಶುವೈದ್ಯರಿಗೆ ಫೋನ್ ಹಚ್ಚಿದ. ಮಾತ್ರೆಯ ಹೆಸರು ಕೇಳಿದ್ದೇ ತಡ ಅವರು ಆ ಕಡೆಯಿಂದ ಕೂಗಿದ್ದು ನಮಗೂ ಕೇಳಿಸಿತು. ಸ್ಟಿರಾಯ್ಡ್ ಅಂತೆ. ಬಾಯಾರಿಕೆ ಅದರದ್ದೇ. ನೀರು ತಡೆಯಲೇಬಾರದಿತ್ತಂತೆ. ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಈಗಲೇ ನಾಯಿಯನ್ನು ಕರೆತನ್ನಿ ಎಂದರು. ಟ್ರೈನರ್ ಹಗ್ಗ ಸುತ್ತಿಕೊಂಡು, "ಅದನ್ನ ಮೊದಲೇ ಹೇಳ್ಬೇಕಿತ್ತು," ಎಂದು ಗೊಣಗುತ್ತಾ ಖಾಲಿ ಪಂಜರದೊಂದಿಗೆ ಹೊರಟುಹೋದ.

ಮಗ ಫೋನ್ ಇಟ್ಟು ಅಮ್ಮನ ಕಡೆ ತಿರುಗಿದ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ.

"ಅಲ್ಲಮ್ಮಾ, ಎಷ್ಟು ಹಠ ನಿಂಗೆ!"

ನಾನು ಎದ್ದೆ. ಬೋಗುಣಿ ತುಂಬಿಸಿ ರಟ್ಟನ ಮುಂದಿಟ್ಟೆ. ಆಮೇಲೆ ಅಂಗಡಿಗೆ ಹೋಗಿ ಸ್ಟೂಲು ಎಳೆದು ಗೋಡೆಯ ಬಳಿ ಹಾಕಿ ಹತ್ತಿದೆ.

"ಅಪ್ಪಾ, ಬೀಳ್ತೀಯಾ! ಕೈ ಬೇರೆ ನಡುಗುತ್ತೆ, ಏನ್ ಬೇಕು ಹೇಳು, ನಾನ್ ತೆಗೀತೀನಿ."

"ಇದನ್ನ ಇಳಿಸು ಅಂತ ನಿಂಗೆ ಹೇಳಾಯ್ತು. ನಿಮ್ಮಮ್ಮನೇ ಹೇಳಾಯ್ತು," ಎಂದೆ. "ಇನ್ನು ಈ ಮನೇಲಿ ಯಾರಿಗಾದ್ರೂ ಹಠ ಅಂದ್ರೆ, ನಾನು ಎಂಥ ಹಠಮಾರಿ ಅಂತ ಆಗ ನೋಡುವಿಯಂತೆ."

ಚಿನ್ನದ ಬಣ್ಣದ ಆ ಅಗಲ ಕಟ್ಟು ಭಾರವಿತ್ತು. ಕೈ ನಡುಗಿದರೂ ಮೊಳೆಯಿಂದ ಬಿಡಿಸಿ ಇಳಿಸಿದೆ. ಮೇಜಿನ ಮೇಲೆ ಬೋರಲು ಹಾಕಿ, ಬೆನ್ನಿನ ಕಾಗದ ಹರಿದು, ಮೊಳೆ ಕಿತ್ತು, ರಟ್ಟು ತೆಗೆದು, ಅವಳ ಫೋಟೋವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನೋಡಲಿಲ್ಲ. ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ರೀ, ಬೋಗುಣಿ ಮತ್ತೆ ಖಾಲಿ," ಎಂದಳು.

ಮಗನೇ ತುಂಬಿಸಲು ಹೋದ.