ಸಲಾಲದ ದಾರಿಗೆ ಕಟ್ಟಿದ ಗಾಡಿ

ಚಕ್ರದಲ್ಲಿ ಗಾಳಿ ಕಡಿಮೆ ಇರುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕುವೈತಿನ ಫಹಾಹೀಲ್‌ನ ಗ್ಯಾರೇಜಿನಲ್ಲಿ ಇಪ್ಪತ್ತೆಂಟು ವರ್ಷ ಇದೇ ವಿಷಯಕ್ಕೆ ಎಷ್ಟು ಡ್ರೈವರುಗಳ ಮೇಲೆ ಕೂಗಾಡಿದ್ದೇನೋ. ಮೊಯ್ದೀನ್ ಕುಂಞಿ ಬೈಯದೆ ಗಾಳಿ ಹಾಕುವುದಿಲ್ಲ ಎಂದು ನಮ್ಮ ಊರಿನವರು ನನ್ನ ತಮಾಷೆ ಮಾಡುತ್ತಾರೆ. ಮಾಡಲಿ. ನಾನು ಸಜ್ಜು ಮಾಡಿಕೊಟ್ಟ ಒಂದು ಗಾಡಿಯೂ ದಾರಿಯಲ್ಲಿ ಕೈಕೊಟ್ಟಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಮೊದಲ ಸಲ ನನಗಾಗಿ ಒಂದು ಗಾಡಿಗೆ ಕೈಹಾಕಿದೆ. ಮಗಳು ಶಮೀಲಾ ಹನ್ನೆರಡನೇ ಕ್ಲಾಸು ಮುಗಿಸಿದ್ದಳು. ಆಗಸ್ಟ್‌ನಲ್ಲಿ ಮಂಗಳೂರಿನ ಕಾಲೇಜಿಗೆ ಹೊರಡುವವಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಆದರೆ ಬೆಳೆದದ್ದನ್ನು ನಾನು ನೋಡಿದ್ದು ಅಷ್ಟಕ್ಕಷ್ಟೆ. ಶುಕ್ರವಾರವೂ ಗ್ಯಾರೇಜು ತೆರೆಯುತ್ತಿದ್ದ ಅಪ್ಪ ನಾನು. ಇನ್ನು ಇವಳು ರಜೆಗೆ ಬಂದು ಹೋಗುವ ನೆಂಟಳು ಎಂದು ಹೊಳೆದ ದಿನ ಗೋಡೆಯ ಕ್ಯಾಲೆಂಡರ್ ತೆಗೆದು ಉಳಿದ ದಿನ ಎಣಿಸಿದೆ. ಜುಲೈಯಲ್ಲಿ ಮನೆಯ ಮೂವರೂ ಸೌದಿಯ ಮರುಭೂಮಿ ದಾಟಿ ಒಮಾನಿನ ಸಲಾಲಕ್ಕೆ ಹೋಗಿಬರಬೇಕು, ಹನ್ನೆರಡು ದಿನ ಒಂದೇ ಗಾಡಿಯಲ್ಲಿ ಇರಬೇಕು ಎಂದು ತೀರ್ಮಾನಿಸಿದೆ.

ಹೆಂಡತಿ ಪಾತುಂಞಿ ಒಪ್ಪಲಿಲ್ಲ.

"ಈ ಮುದಿ ಲ್ಯಾಂಡ್ ಕ್ರೂಸರಿನಲ್ಲಿ ಮಗಳನ್ನು ಕೂರಿಸಿ ಮರುಭೂಮಿಗೆ? ನಿಮ್ಮ ತಲೆ ಸರಿ ಉಂಟಾ?" ಎಂದಳು. ನಾನು ಬಿಡಲಿಲ್ಲ. ಒಂದು ವಾರ ಮುಖ ಊದಿಸಿಕೊಂಡ ಮೇಲೆ ಅವಳೇ ಒಂದು ಷರತ್ತು ಹಾಕಿದಳು. "ಮೊದಲು ಇಲ್ಲೇ ಒಂದು ದಿನ ಮರಳಲ್ಲಿ ಓಡಿಸಿ ತೋರಿಸಿ. ಹೊರಗಿನವರು ಬಂದು ಎಳೆಯುವ ಹಾಗೆ ಆದರೆ ಖಲಾಸ್. ಮತ್ತೆ ಸಲಾಲದ ಹೆಸರು ಎತ್ತಬಾರದು."

ಎರಡು ತಿಂಗಳು ಆ ಗಾಡಿಯನ್ನು ಮದುಮಗಳ ಹಾಗೆ ಸಿಂಗರಿಸಿದೆ. ಅಡಿಯಲ್ಲಿ ಎರಡನೇ ಪೆಟ್ರೋಲ್ ಟ್ಯಾಂಕ್, ಹಿಂದೆ ಭಾರ ತಡೆಯುವ ಹೊಸ ಸ್ಪ್ರಿಂಗು, ಇನ್ನೊಂದು ಬ್ಯಾಟರಿ, ಮೇಲೆ ಎರಡು ಹೆಚ್ಚಿನ ಚಕ್ರ, ಗಾಳಿ ತುಂಬುವ ಸಣ್ಣ ಕಂಪ್ರೆಸರ್. ಕೊನೆಯ ಸಾಲಿನ ಸೀಟು ತೆಗೆದು ನೀರಿನ ಕ್ಯಾನುಗಳಿಗೆ ಕಪಾಟು ಮಾಡಿದೆ. ಕೊನೆಗೆ ನಾಲ್ಕೂ ಚಕ್ರಕ್ಕೆ ನಲವತ್ತು ಪೌಂಡ್ ಗಾಳಿ ಹೊಡೆದು, ಒದ್ದು ನೋಡಿದೆ. ಕಲ್ಲಿನ ಹಾಗಿತ್ತು.

ಮೇ ತಿಂಗಳ ಒಂದು ಶುಕ್ರವಾರ ಮುಂಜಾನೆಯ ಸುಬಹಿ ನಮಾಜ್ ಮುಗಿಸಿ, ಗಡಿಯ ಹತ್ತಿರದ ವಫ್ರಾ ದಾಟಿ ಮರಳಿಗೆ ಇಳಿದೆವು. ಇನ್ನೂರು ಮೀಟರ್ ಹೋಗಿಲ್ಲ, ಗಾಡಿ ಕೂತುಬಿಟ್ಟಿತು.

"ಉಪ್ಪ, ಟೂ ಮಚ್ ಏರ್. ರಿಡ್ಯೂಸ್ ಮಾಡಿ, ಪ್ಲೀಸ್. ಟಯರ್ ಸಾಫ್ಟ್ ಆದ್ರೆ ಮರಳಲ್ಲಿ ಹೂತುಹೋಗಲ್ಲ, ನೆಟ್‌ನಲ್ಲಿ ಎಲ್ಲರೂ ಅದೇ ಹೇಳ್ತಾರೆ" ಎಂದಳು ಶಮೀಲಾ.

"ನನಗೆ ಚಕ್ರದ ಪಾಠ ಹೇಳ್ತೀಯಾ?" ಎಂದು ರೇಗಿದೆ. ಸಲಿಕೆ ಹಿಡಿದು ಅಗೆದೆ. ಹಲಗೆ ಇಟ್ಟೆ. ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಹೂತುಹೋಯಿತು. ಬಿಸಿಲೇರಿತು. ಒಂದು ಗಂಟೆಯಲ್ಲಿ ಹಿಂದಿನ ಆಕ್ಸಲ್ ಮರಳಿಗೆ ತಾಗಿತು. ಮಗಳು ಇನ್ನೆರಡು ಸಲ ಹೇಳಿ, ಆಮೇಲೆ ಅತ್ತ ತಿರುಗಿ ನಿಂತಳು. ಆ ಬೆನ್ನು ನೋಡಿ ಹನ್ನೆರಡು ದಿನಗಳೂ ಕೈಜಾರಿದವು ಅನ್ನಿಸಿತು.

ಆಗ ಆಡು ಸಾಗಿಸುವ ಒಂದು ಪಿಕಪ್ ದೂರದಲ್ಲಿ ನಿಂತಿತು. ಡ್ರೈವರ್ ಹಗ್ಗ ಎತ್ತಿ ತೋರಿಸಿ, ಬರಲೇ ಎಂದು ಕೈಸನ್ನೆ ಮಾಡಿದ. ನಾನು ಸಲಿಕೆ ಕೆಳಗಿಟ್ಟೆ. ಪಾತುಂಞಿ ಗೆದ್ದಿದ್ದಳು.

"ಮಾಫಿ ಮುಶ್ಕಿಲ್!" ಎಂದು ಕೂಗಿದವಳು ಪಾತುಂಞಿ. ತೊಂದರೆ ಏನಿಲ್ಲ, ನೀನು ಹೋಗು ಎಂದು ಅವನಿಗೆ ಕೈಯಾಡಿಸಿದಳು. ಪಿಕಪ್ ಹೊರಟುಹೋಯಿತು.

ಅವಳು ತಲೆವಸ್ತ್ರದ ಪಿನ್ ಕಿತ್ತು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಲ್ವ್ ಒತ್ತಿದಳು. ಗಾಳಿ ಬುಸ್ಸೆಂದಿತು. ನನ್ನ ಜೀವವೇ ಹೋದ ಹಾಗಾಯಿತು.

"ಪಾತುಂಞೀ, ಬಿಡು!"

"ಸುಮ್ಮನಿರಿ. ಮಗಳು ಒಂದು ಗಂಟೆಯಿಂದ ಹೇಳ್ತಾ ಇದ್ದಾಳೆ. ನಿಮಗೆ ಕಿವಿ ಇಲ್ವಾ? ಶಮೀಲಾ, ಎಷ್ಟಕ್ಕೆ ನಿಲ್ಲಿಸುವುದು?"

"ಎಯ್ಟೀನ್, ಉಮ್ಮ" ಎನ್ನುತ್ತಾ ಶಮೀಲಾ ಗಾಳಿ ಅಳೆಯುವ ಮೀಟರ್ ಹಿಡಿದು ಓಡಿಬಂದಳು.

ನಾಲ್ಕು ಚಕ್ರಗಳೂ ಉದ್ದಿನ ಹಿಟ್ಟಿನ ಹಾಗೆ ಕೆಳಗೆ ಹರಡಿಕೊಂಡವು. ನೋಡಲಾಗದೆ ಒಳಗೆ ಹೋಗಿ ಕೂತೆ. ಗೇರ್ ಹಾಕಿ ಮೆಲ್ಲಗೆ ಒತ್ತಿದೆ. ಗಾಡಿ ಒಂದು ಸಲ ಅಲುಗಾಡಿ ಮರಳಿನ ಮೇಲೆದ್ದು ಆರಾಮವಾಗಿ ಹೊರಟಿತು. ಹಿಂದಿನಿಂದ ತಾಯಿ ಮಗಳು ಕೇಕೆ ಹಾಕಿದರು. ನನಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಖುಷಿಯೂ ಆಯಿತು.

ಡಾಂಬರು ರಸ್ತೆ ಸಿಕ್ಕಿದಾಗ ಮತ್ತೆ ಗಾಳಿ ತುಂಬಲು ಇಳಿದೆ. ಪೈಪ್ ಸಿಕ್ಕಿಸಿ ತಲೆಯೆತ್ತಿದೆ.

"ಎಷ್ಟು ಹಾಕುವ, ಮಗಳೇ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಪಕ್ಕದಲ್ಲೇ ಕೂತಳು. "ತರ್ಟಿ ಫೈವ್ ಸಾಕು, ಉಪ್ಪ."

ನಲವತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೂವತ್ತೈದಕ್ಕೆ ನಿಲ್ಲಿಸಿದಾಗ ಪಾತುಂಞಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಜುಲೈಯಲ್ಲಿ ಸಲಾಲದಲ್ಲಿ ಮಳೆಯಂತಲ್ಲ? ಈ ಕುವೈತಲ್ಲಿ ಕೊಡೆ ಎಲ್ಲಿ ಸಿಗ್ತದೆ?"

ನಾನು ಪೈಪ್ ಸುತ್ತಿಟ್ಟು, ಕೊಡೆ ಹುಡುಕಲು ಗಾಡಿಯನ್ನು ಪೇಟೆಯ ಕಡೆ ತಿರುಗಿಸಿದೆ.